ಬಾಹು ನರಜಾಲದ ಅರಿವಳಿಕೆ ಮತ್ತು ಡಯಾಲಿಸಿಸ್ ಫಿಸ್ಟುಲಾದ ಬಾಳಿಕೆ

ಕೈಕಾಲುಗಳ ಶಸ್ತ್ರಚಿಕಿತ್ಸೆಯಲ್ಲಿ ಪ್ರಾದೇಶಿಕ ಅರಿವಳಿಕೆಯನ್ನು ಸಾಮಾನ್ಯವಾಗಿ ಎರಡು ಪ್ರಶ್ನೆಗಳಿಂದ ಅಳೆಯುತ್ತಾರೆ: ನೋವು ಎಷ್ಟು ತಗ್ಗಿತು, ಪೂರ್ಣ ಅರಿವಳಿಕೆಯ ಅಪಾಯ ಎಷ್ಟು ತಪ್ಪಿತು. ಈ ಅಳತೆ ಸಾಲದು. ನರಕ್ಕೆ ಕೊಟ್ಟ ಔಷಧ ಕೆಲವೆಡೆ ಶಸ್ತ್ರಚಿಕಿತ್ಸೆಯ ಫಲವನ್ನೇ ಬದಲಿಸುತ್ತದೆ. ಮೂತ್ರಪಿಂಡ ವಿಫಲವಾದವರ ಕೈಯಲ್ಲಿ ಡಯಾಲಿಸಿಸ್‌ಗೆಂದು ಮಾಡುವ ಫಿಸ್ಟುಲಾ ಇದಕ್ಕೆ ಒಳ್ಳೆಯ ನಿದರ್ಶನ.

ಇಲ್ಲಿ ಅಪಧಮನಿಗೆ ಪಕ್ಕದ ಅಭಿಧಮನಿಯನ್ನು ಹೊಲಿದು ಸೇರಿಸುತ್ತಾರೆ. ಹೆಚ್ಚಿದ ರಕ್ತಪ್ರವಾಹಕ್ಕೆ ಅಭಿಧಮನಿ ವಾರಗಟ್ಟಲೆ ಹಿಗ್ಗಿ ದಪ್ಪಗಾದ ಮೇಲಷ್ಟೇ ಅದು ಪದೇ ಪದೇ ಚುಚ್ಚುವ ಸೂಜಿಯನ್ನು ತಾಳಬಲ್ಲದು. ಎಷ್ಟೋ ಫಿಸ್ಟುಲಾಗಳು ಅದಕ್ಕೂ ಮೊದಲೇ ರಕ್ತ ಹೆಪ್ಪುಗಟ್ಟಿ ಮುಚ್ಚಿಹೋಗುತ್ತವೆ. ಸ್ಥಳೀಯ ಅರಿವಳಿಕೆಯಲ್ಲಿ, ಅಂದರೆ ಕೊಯ್ಯುವ ಜಾಗದ ಸುತ್ತ ಮಾತ್ರ ಔಷಧ ಚುಚ್ಚಿದರೆ, ಚರ್ಮ ಮರಗಟ್ಟುತ್ತದೆ, ಆದರೆ ರಕ್ತನಾಳಗಳನ್ನು ಬಿಗಿಹಿಡಿಯುವ ಅನುವೇದಕ ನರಗಳ ಕೆಲಸ ಬಹುಮಟ್ಟಿಗೆ ಮುಂದುವರಿಯುತ್ತದೆ. ಇಡೀ ಕೈಗೆ ನರಗಳನ್ನು ಕಳಿಸುವ ಬ್ರೇಕಿಯಲ್ ಪ್ಲೆಕ್ಸಸ್ ಎಂಬ ಬಾಹು ನರಜಾಲಕ್ಕೆ ಔಷಧ ಕೊಟ್ಟಾಗ ಆ ಬಿಗಿಯೂ ಸಡಿಲಿ ನಾಳಗಳು ಹಿಗ್ಗುತ್ತವೆ, ಹೊಲಿಗೆ ಮುಗಿದು ಕೆಲವು ಗಂಟೆಗಳವರೆಗೂ ಹಾಗೆಯೇ ಇರುತ್ತವೆ. ಗ್ಲಾಸ್ಗೋದಲ್ಲಿ 126 ರೋಗಿಗಳನ್ನು ಯಾದೃಚ್ಛಿಕವಾಗಿ ಎರಡು ಗುಂಪು ಮಾಡಿ ನಡೆಸಿದ ಅಧ್ಯಯನ 2016ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಮೂರು ತಿಂಗಳ ನಂತರ ನರಜಾಲದ ಗುಂಪಿನಲ್ಲಿ ಶೇ. 84ರಷ್ಟು, ಸ್ಥಳೀಯ ಅರಿವಳಿಕೆಯ ಗುಂಪಿನಲ್ಲಿ ಶೇ. 62ರಷ್ಟು ಫಿಸ್ಟುಲಾಗಳು ತೆರೆದಿದ್ದವು. ಒಂದೇ ನಗರದ ಸಣ್ಣ ಅಧ್ಯಯನವಿದು, ನಿಜ. ತೆರೆದಿರುವ ಫಿಸ್ಟುಲಾಗಳೆಲ್ಲ ಡಯಾಲಿಸಿಸ್‌ಗೆ ಒದಗುತ್ತವೆ ಎಂದೂ ಅಲ್ಲ. ಆದರೂ ಕಾರಣದ ಎಳೆ ಶರೀರಕ್ರಿಯೆಯಲ್ಲೇ ಸಿಗುವುದರಿಂದ ಈ ಅಂತರವನ್ನು ಆಕಸ್ಮಿಕವೆಂದು ತಳ್ಳಿಹಾಕುವುದು ಕಷ್ಟ.

ದೊಡ್ಡ ಅಧ್ಯಯನಗಳು ಪ್ರಾದೇಶಿಕ ಅರಿವಳಿಕೆಗೆ ಇಂಥ ಶ್ರೇಯ ಕೊಟ್ಟಿಲ್ಲವಲ್ಲ ಎಂಬ ಆಕ್ಷೇಪ ಹಗುರವಾದುದಲ್ಲ. ಸೊಂಟದ ಮೂಳೆ ಮುರಿದ 1600 ರೋಗಿಗಳ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ಬೆನ್ನುಹುರಿಯ ಅರಿವಳಿಕೆಗೂ ಪೂರ್ಣ ಅರಿವಳಿಕೆಗೂ ನಡುವೆ 60 ದಿನಗಳ ಸಾವಿನಲ್ಲಾಗಲಿ ನಡೆಯುವ ಶಕ್ತಿಯಲ್ಲಾಗಲಿ ಗಣನೀಯ ಅಂತರ ಅಲ್ಲಿ ಕಾಣಲಿಲ್ಲ. ನನ್ನ ದೃಷ್ಟಿಯಲ್ಲಿ ಇದು ವಾದವನ್ನು ಮುರಿಯುವುದಿಲ್ಲ, ಅದರ ಎಲ್ಲೆಯನ್ನು ಗುರುತಿಸುತ್ತದೆ. ಸೊಂಟದ ಮೂಳೆ ಮುರಿದ ವೃದ್ಧರ ಚೇತರಿಕೆಯನ್ನು ವಯಸ್ಸು, ಹಳೆಯ ಕಾಯಿಲೆ, ನಂತರದ ಆರೈಕೆ ತಿಂಗಳುಗಟ್ಟಲೆ ರೂಪಿಸುತ್ತವೆ. ಫಿಸ್ಟುಲಾದಲ್ಲಿ ಮೊದಲ ಕೆಲವು ಗಂಟೆಗಳ ರಕ್ತಪ್ರವಾಹಕ್ಕೇ ದೊಡ್ಡ ಪಾತ್ರವಿದೆ.

ಅಪಾಯದ ಪ್ರಶ್ನೆ ಹೆಚ್ಚು ಗಂಭೀರ. ಜರ್ಮನ್ ಶಸ್ತ್ರವೈದ್ಯ ಕುಲೆನ್‌ಕಾಂಫ್ 1911ರಲ್ಲಿ ವಿವರಿಸಿದ ವಿಧಾನದಂತೆ ಕೊರಳೆಲುಬಿನ ಮೇಲಿಂದ ಚುಚ್ಚುವಾಗ ಶ್ವಾಸಕೋಶದ ಹೊದಿಕೆ ಸೂಜಿಗೆ ತೀರ ಹತ್ತಿರವಿರುತ್ತದೆ. ವಪೆಯ ನರವೂ ಮರಗಟ್ಟಿ ಉಸಿರಾಟ ಕುಗ್ಗಬಹುದು. 1994ರಲ್ಲಿ ವಿಯೆನ್ನಾದ ವೈದ್ಯರು ಇದೇ ನರಜಾಲಕ್ಕೆ ಅಲ್ಟ್ರಾಸೌಂಡ್‌ನ ನೆರವಿನಿಂದ ಔಷಧ ಕೊಟ್ಟ ವರದಿ ಪ್ರಕಟಿಸಿದರು. ಸೂಜಿಯ ತುದಿ, ನರ, ಶ್ವಾಸಕೋಶದ ಹೊದಿಕೆ ಮೂರನ್ನೂ ಪರದೆಯ ಮೇಲೆ ನೋಡುತ್ತ ಮುಂದುವರಿಯುವ ಈ ವಿಧಾನದಲ್ಲಿ ಕಡಿಮೆ ಔಷಧವೂ ಸಾಕಾಗುತ್ತದೆ. ಅಪಾಯ ಪೂರ್ತಿ ಹೋಗಿಲ್ಲ. ಶ್ವಾಸಕೋಶದ ಕಾಯಿಲೆ ಇರುವವರಿಗೆ ಕಂಕುಳಿನಿಂದ ಚುಚ್ಚುವುದೇ ಲೇಸು, ಏಕೆಂದರೆ ಅಲ್ಲಿ ಶ್ವಾಸಕೋಶವೂ ವಪೆಯ ನರವೂ ದೂರವಿರುತ್ತವೆ.