ಮುದ್ದೆಯ ನಾಡಿನಲ್ಲಿ ಜೀವದ ರೊಟ್ಟಿ



ಉದ್ದನಪಲ್ಲಿಯ ಸುತ್ತಮುತ್ತ ಹಸಿವು ಎಂದರೆ ನಮಗೆ ಮೊದಲು ನೆನಪಾಗುವುದು ರಾಗಿ ಮುದ್ದೆ. ಗೋಧಿ ನಮ್ಮ ಹೊಲದ ಬೆಳೆಯಲ್ಲ. ಆದರೂ ಬಲಿಪೂಜೆಯಲ್ಲಿ ನಾವು ಪರಮಪ್ರಸಾದವಾಗಿ ಸ್ವೀಕರಿಸುವುದು ಹುಳಿ ಸೇರಿಸದ ಗೋಧಿಯ ರೊಟ್ಟಿಯನ್ನೇ. ದೂರದ ಈ ರೊಟ್ಟಿ ನಮ್ಮದಾದದ್ದು ಹೇಗೆ?

ಯೇಸುಸ್ವಾಮಿಯ ನಾಡಿನಲ್ಲಿ ರೊಟ್ಟಿಯೇ ದಿನದ ಊಟ. ಅವರು ಹುಟ್ಟಿದ ಬೆತ್ಲೆಹೇಮ್ ಎಂಬ ಊರಿನ ಹೆಸರಿಗೆ ಹೀಬ್ರೂ ಭಾಷೆಯಲ್ಲಿ ‘ರೊಟ್ಟಿಯ ಮನೆ’ ಎಂದರ್ಥ. ಸಂತ ಯೊವಾನ್ನರ ಶುಭಸಂದೇಶದ 6ನೇ ಅಧ್ಯಾಯದಲ್ಲಿ ಹುಡುಗನೊಬ್ಬನ ಬಳಿ ಇದ್ದದ್ದು ಐದು ಜವೆಗೋಧಿ ರೊಟ್ಟಿ, ಎರಡು ಮೀನು. ಜವೆಗೋಧಿ ಅಂದು ಬಡವರ ಧಾನ್ಯ, ನಮ್ಮ ಹಿರಿಯರಿಗೆ ರಾಗಿ ಇದ್ದಂತೆ. ಯೇಸು ಮೊದಲು ಸುಮಾರು ಐದು ಸಾವಿರ ಜನರ ಹೊಟ್ಟೆ ತುಂಬಿಸಿದರು. ತಾವೇ ಜೀವದ ರೊಟ್ಟಿ ಎಂದು ಸಾರಿದ್ದು ಮರುದಿನ. ಮೊದಲು ಹಸಿವು, ಆಮೇಲೆ ಬೋಧನೆ. ಈ ಕ್ರಮವನ್ನು ನಾವು ಮರೆಯಬಾರದು.

ಮರೆತವರೂ ಇದ್ದರು. ಕೊರಿಂಥದ ಸಭೆಯಲ್ಲಿ ಉಳ್ಳವರು ಮೊದಲೇ ಉಂಡು ಮುಗಿಸುತ್ತಿದ್ದರು, ಬಡವರು ಹಸಿದೇ ಉಳಿಯುತ್ತಿದ್ದರು. ಕ್ರಿ.ಶ. 55ರ ಸುಮಾರಿಗೆ ಸಂತ ಪೌಲರು ಅವರಿಗೆ ಪತ್ರ ಬರೆದು ಗದರಿಸಿದರು. ರೊಟ್ಟಿ ಒಂದೇ ಆದ್ದರಿಂದ ಅದನ್ನು ಹಂಚಿಕೊಳ್ಳುವವರೂ ಒಂದೇ ದೇಹ, ಊಟಕ್ಕೆ ಸೇರಿದಾಗ ಒಬ್ಬರಿಗಾಗಿ ಒಬ್ಬರು ಕಾಯಬೇಕು ಎಂದು ತಿಳಿಹೇಳಿದರು.

ಶತಮಾನಗಳು ಕಳೆದಂತೆ ಜನ ಪರಮಪ್ರಸಾದ ಸ್ವೀಕರಿಸುವುದೇ ಅಪರೂಪವಾಯಿತು. ವರ್ಷಕ್ಕೆ ಒಮ್ಮೆಯಾದರೂ ಸ್ವೀಕರಿಸಬೇಕೆಂದು 1215ರ ಲ್ಯಾಟರನ್ ಮಹಾಸಭೆ ಕಟ್ಟಳೆಯನ್ನೇ ಮಾಡಬೇಕಾಯಿತು. ದಿನವೂ ಸ್ವೀಕರಿಸಿ ಎಂದು ಪೋಪ್ ಹತ್ತನೇ ಪಿಯುಸ್ 1905ರಲ್ಲಿ ಕರೆದರು. 1910ರಲ್ಲಿ ಏಳು ವರ್ಷದ ಆಸುಪಾಸಿನ ಮಕ್ಕಳಿಗೂ ದಾರಿ ತೆರೆದರು.

ಆಗಲೂ ನಡುರಾತ್ರಿಯಿಂದ ಹನಿ ನೀರೂ ಮುಟ್ಟುವಂತಿರಲಿಲ್ಲ. ನೀರು ಕುಡಿದರೆ ಉಪವಾಸ ಮುರಿಯದು ಎಂದು 1953ರಲ್ಲಿ ಹನ್ನೆರಡನೇ ಪಿಯುಸ್ ತಿಳಿಸಿದರು. ಕಷ್ಟದ ದುಡಿಮೆಯವರಿಗೆ, ದೂರದಿಂದ ಬರುವವರಿಗೆ ಇನ್ನಷ್ಟು ಸಡಿಲಿಸಿದರು. ಉಪವಾಸ 1957ರಲ್ಲಿ ಮೂರು ಗಂಟೆಗೆ, 1964ರಲ್ಲಿ ಒಂದು ಗಂಟೆಗೆ ಇಳಿಯಿತು. ಹೊಸೂರಿನ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ನೇರವಾಗಿ ಪೂಜೆಗೆ ಬರುವ ನಮ್ಮ ಅಣ್ಣಂದಿರು, ಅಕ್ಕಂದಿರಿಗೆ ಇದರ ಬೆಲೆ ಗೊತ್ತು. ಹೀಗೆ ಹೆಜ್ಜೆ ಹೆಜ್ಜೆಯಾಗಿ ಆ ರೊಟ್ಟಿ ಹಸಿದವರ ಹತ್ತಿರಕ್ಕೆ ಬಂದಿತು.

ನಮ್ಮ ಗಡಿನಾಡಿನಲ್ಲಿ ಕನ್ನಡ, ತಮಿಳು, ತೆಲುಗು ಮೂರೂ ಕಿವಿಗೆ ಬೀಳುತ್ತವೆ. ಪೀಠದ ಮುಂದಿನ ಸಾಲು ಮಾತ್ರ ಒಂದೇ. ಆದರೆ ದೇವಾಲಯದಿಂದ ಹೊರಬಂದ ಮೇಲೆ ನಾವು ಜಾತಿ ನೋಡಿ ಪಂಕ್ತಿ ಬೇರೆ ಮಾಡಿದರೆ, ಪಕ್ಕದ ಮನೆಯ ಒಲೆ ಉರಿಯದಿದ್ದರೂ ಕಾಣದವರಂತೆ ಇದ್ದರೆ, ಪೌಲರ ಆ ಪತ್ರ ಬಂದಿರುವುದು ನಮಗೇ. ಮುಂದಿನ ಭಾನುವಾರ ‘ಆಮೆನ್’ ಎನ್ನುವ ಮುನ್ನ, ನಾವು ಇನ್ನೂ ಯಾರಿಗಾಗಿ ಕಾಯಬೇಕಿದೆ ಎಂದು ಒಮ್ಮೆ ಯೋಚಿಸೋಣ.