ಚಂದ್ರನ ಧೂಳು ಬೆರೆತ ಚಿತ್ರಗಳು

ಬಣ್ಣದೊಡನೆ ಬಟ್ಟೆ, ಲೋಹ, ಮಣ್ಣು ಮೊದಲಾದ ಅನ್ಯವಸ್ತುಗಳನ್ನೂ ಒಂದೇ ಫಲಕದ ಮೇಲೆ ಸೇರಿಸಿ ರಚಿಸುವ ಕೃತಿಯನ್ನು ಮಿಶ್ರಮಾಧ್ಯಮ ಚಿತ್ರವೆನ್ನುತ್ತಾರೆ. ಬಾಹ್ಯಾಕಾಶ ಯಾನವು ಚಿತ್ರಕಲೆಗೆ ಒದಗಿದ್ದು ಮೊದಲು ಸರಳ ಸಾಮಗ್ರಿಯಲ್ಲಿ: 1965ರ ಮಾರ್ಚ್‌ನಲ್ಲಿ ನೌಕೆಯಿಂದ ಹೊರಬಂದು ವ್ಯೋಮದಲ್ಲಿ ತೇಲಿದ ಮೊದಲ ಮಾನವ, ಸೋವಿಯತ್ ಯಾತ್ರಿ ಅಲೆಕ್ಸಿ ಲಿಯೊನೊವ್, ಅದೇ ಯಾನದಲ್ಲಿ ಬಣ್ಣದ ಪೆನ್ಸಿಲುಗಳಿಂದ ಕಕ್ಷೆಯ ಸೂರ್ಯೋದಯವನ್ನು ಚಿತ್ರಿಸಿದರು.

ಮಿಶ್ರಮಾಧ್ಯಮದ ಪೂರ್ಣ ಪ್ರಯೋಗ ಕಾಣುವುದು ಅಲನ್ ಬೀನ್ ಅವರಲ್ಲಿ. 1969ರ ನವೆಂಬರ್‌ನಲ್ಲಿ ಅಪೊಲೊ 12ರ ಮೂಲಕ ಚಂದ್ರನ ಮೇಲೆ ನಡೆದ ನಾಲ್ಕನೆಯ ಮಾನವರಾದ ಅವರು, 1981ರಲ್ಲಿ ನಾಸಾ ಸಂಸ್ಥೆಯನ್ನು ತೊರೆದು, ಫಲಕಕ್ಕೆ ದಪ್ಪ ಲೇಪ ಬಳಿದು, ಅದರ ಮೇಲೆ ಚಂದ್ರನಲ್ಲಿ ಬಳಸಿದ್ದ ಸುತ್ತಿಗೆಯ ಗುರುತುಗಳನ್ನೂ ಯಾತ್ರಿಗಳ ಬೂಟಿನ ಅಚ್ಚುಗಳನ್ನೂ ಮೂಡಿಸಿ, ಚಂದ್ರಧೂಳು ಹತ್ತಿದ್ದ ತಮ್ಮ ಉಡುಪಿನ ಲಾಂಛನದ ಚೂರುಗಳನ್ನು ಬಣ್ಣದಲ್ಲಿ ಬೆರೆಸಿದರು. ಹೀಗೆ ಯಾನದ ಸಾಕ್ಷ್ಯವೇ ಚಿತ್ರದ ಸಾಮಗ್ರಿಯಾಯಿತು.

ಕರ್ನಾಟಕದ ಕಾಫಿ ಸೀಮೆಗೂ ಬಾಹ್ಯಾಕಾಶದ ಬಗೆಗಿನ ಕುತೂಹಲ ಅಪರಿಚಿತವಲ್ಲ. ಮೂಡಿಗೆರೆಯ ತೋಟದಲ್ಲಿ ನೆಲೆಸಿ, ಸಾಹಿತ್ಯದೊಡನೆ ಚಿತ್ರಕಲೆಯನ್ನೂ ಛಾಯಾಗ್ರಹಣವನ್ನೂ ಕೈಗೊಂಡಿದ್ದ ಪೂರ್ಣಚಂದ್ರ ತೇಜಸ್ವಿ (1938–2007) ಅವರು ಮಿಲೇನಿಯಂ ಸರಣಿಯ ‘ಚಂದ್ರನ ಚೂರು’, ‘ವಿಸ್ಮಯ ವಿಶ್ವ’ ಮುಂತಾದ ಪುಸ್ತಕಗಳಿಂದ ಜಗತ್ತಿನ ವಿಸ್ಮಯಗಳನ್ನು ಕನ್ನಡದ ಮನೆಗಳಿಗೆ ತಲುಪಿಸಿದರು.

ಭಾರತೀಯರನ್ನು ಸ್ವದೇಶಿ ನೌಕೆಯಲ್ಲಿ ಬಾಹ್ಯಾಕಾಶಕ್ಕೆ ಕಳುಹಿಸುವ ಗಗನಯಾನ ಯೋಜನೆಗಾಗಿ 2019ರಲ್ಲಿ ಬೆಂಗಳೂರಿನಲ್ಲಿ ಮಾನವ ಬಾಹ್ಯಾಕಾಶ ಯಾನ ಕೇಂದ್ರ ಆರಂಭವಾಗಿರುವುದರಿಂದ, ಈ ಯಾನದ ವಸ್ತುಗಳನ್ನೂ ಅನುಭವವನ್ನೂ ಕಲೆಯಾಗಿಸುವ ಹೊಣೆಯನ್ನು ಕನ್ನಡದ ಕಲಾವಿದರು ಈಗಲೇ ವಹಿಸಿಕೊಳ್ಳಬೇಕು.