ಹಟ್ಟಿ, ಹೊಲ, ಗೋಮಾಳ: ಗೊಬ್ಬರದ ಚರಿತ್ರೆಯ ಒಂದು ನೆಲೆ

ಕರ್ನಾಟಕದ ಕೃಷಿಚರಿತ್ರೆಯಲ್ಲಿ ಕೆರೆ, ಕಂದಾಯ, ಬೆಳೆಗಳಿಗೆ ದೊರೆತಷ್ಟು ಗಮನ ಗೊಬ್ಬರಕ್ಕೆ ದೊರೆತಿಲ್ಲ. ಮಣ್ಣಿನ ಸಾರ ಎಲ್ಲಿಂದ ಎಲ್ಲಿಗೆ ಸಾಗಿತೆಂಬ ಪ್ರಶ್ನೆ ಭೂಸಂಬಂಧಗಳ ಪ್ರಶ್ನೆಯೂ ಹೌದು. ಇದಕ್ಕೆ ಜನಪದ ಆಚರಣೆಗಳೂ ಆಕರಗಳಾಗಬಲ್ಲವು.

ಉತ್ತರ ಕರ್ನಾಟಕದಲ್ಲಿ ದೀಪಾವಳಿಗೆ ಹಟ್ಟಿಹಬ್ಬವೆಂಬ ಹೆಸರುಂಟು. ಬಲಿಪಾಡ್ಯಮಿಯಂದು ಸಗಣಿಯಿಂದ ಪಾಂಡವರನ್ನು ಮಾಡಿ, ಹೂ, ಉತ್ತರಾಣಿಗಳಿಂದ ಸಿಂಗರಿಸಿ ಪೂಜಿಸುತ್ತಾರೆ. ಮುಂಗಾರಿನ ಬೆಳೆ ಮನೆಸೇರುವ ಈ ಶರತ್ಕಾಲದಲ್ಲಿ ಸಗಣಿಯೇ ದೈವರೂಪ ತಾಳುವುದು ಆಕಸ್ಮಿಕವಲ್ಲ. ಕೊಯ್ಲಾದ ಹೊಲಗಳಲ್ಲಿ ಕುರುಬರ ಕುರಿಮಂದೆಯನ್ನು ರಾತ್ರಿ ತರುಬಿಸುವ ಪದ್ಧತಿಯೂ ಈ ಭಾಗದಲ್ಲಿದೆ. ಅದಕ್ಕೆ ಪ್ರತಿಯಾಗಿ ಹೊಲದವರು ಕಾಳನ್ನೋ ಹಣವನ್ನೋ ಕೊಡುತ್ತಾರೆ. ತಿಪ್ಪೆಗೆ ಹೊತ್ತ ಸಗಣಿಯೊಡನೆ ಗಂಜಲದ ಬಹುಪಾಲು ಸೇರದು. ಮಂದೆ ಮಲಗಿದ ನೆಲಕ್ಕಾದರೋ ಹಿಕ್ಕೆ, ಮೂತ್ರ ಎರಡೂ ಇಳಿದು, ಗೊರಸಿನ ತುಳಿತಕ್ಕೆ ಮಣ್ಣಿನೊಡನೆ ಬೆರೆಯುತ್ತವೆ.

ಈ ವ್ಯವಸ್ಥೆಗೆ ಇನ್ನೊಂದು ಮುಖವುಂಟು. ಹಗಲು ಗೋಮಾಳದಲ್ಲಿ ಮೇಯ್ದ ಪ್ರಾಣಿ ರಾತ್ರಿ ಹಟ್ಟಿಯಲ್ಲೋ ಹೊಲದಲ್ಲೋ ಮಲಗಿದಾಗ, ಊರೊಟ್ಟಿನ ನೆಲದ ಸಾರ ದಿನದಿನವೂ ಖಾಸಗಿ ನೆಲಕ್ಕೆ ವರ್ಗವಾಗುತ್ತದೆ. ಕೂಳೆ ಮೇಯ್ದ ಮಂದೆ ಹೊಲದ್ದನ್ನು ಹೊಲಕ್ಕೇ ಮರಳಿಸೀತು. ಗೋಮಾಳಕ್ಕೆ ಮರಳುವುದು ಮೇಯುವ ಹೊತ್ತಿನಲ್ಲಿ ಬಿದ್ದಷ್ಟು ಮಾತ್ರ.

ಮೈಸೂರಿನ ಕಾವಲುಗಳ ಕ್ರಮ ಇದಕ್ಕಿಂತ ಭಿನ್ನವಾಗಿತ್ತು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆಚಾವಡಿಯು ಟಿಪ್ಪುವಿನ ಆಳ್ವಿಕೆಯಲ್ಲಿ ಅಮೃತಮಹಲ್ ಎನಿಸಿತು. ಬೇಸಿಗೆ, ಮಳೆಗಾಲ, ಚಳಿಗಾಲಗಳಿಗೆ ಬೇರೆಬೇರೆ ಕಾವಲುಗಳಿದ್ದು, ದನಗಳು ಋತುವಿಗನುಗುಣವಾಗಿ ಅವುಗಳ ನಡುವೆ ಸಾಗುತ್ತಿದ್ದವು. ಮೇಯ್ದಲ್ಲಿಯೇ ತಂಗುವ ಹಿಂಡಿನ ಸಗಣಿಗಂಜಲ ಕಾವಲಿನ ನೆಲಕ್ಕೇ ಬೀಳುತ್ತದೆ. ಹಿಂಡು ಬೇರೆಡೆಗೆ ಸಾಗಿದಾಗ ಹುಲ್ಲಿಗೆ ಬಿಡುವು ಸಿಗುತ್ತದೆ.

1966ರ ಕರ್ನಾಟಕ ಭೂಕಂದಾಯ ನಿಯಮಗಳು ಪ್ರತಿ 100 ದನಗಳಿಗೆ ಸುಮಾರು 30 ಎಕರೆ ಗೋಮಾಳವನ್ನು ಕಾದಿರಿಸುವಂತೆ ಹೇಳುತ್ತವೆ. ಈ ಅಳತೆಯಲ್ಲಿ ವಿಸ್ತೀರ್ಣದ ಲೆಕ್ಕವಿದೆ, ಸಾರದ ಲೆಕ್ಕವಿಲ್ಲ. ಗೋಮಾಳ ಬರಡಾದುದಕ್ಕೆ ದನಗಾಹಿಯ ಅತಿಮೇಯಿಕೆಯೊಂದನ್ನೇ ಹೊಣೆಯಾಗಿಸುವ ಮುನ್ನ, ಆ ನೆಲದಿಂದ ಹೊರಹೋದ ಗೊಬ್ಬರ ಯಾರ ಬೆಳೆಯಾಯಿತೆಂದು ಕೇಳಬೇಕಾಗುತ್ತದೆ. ಹಟ್ಟಿಹಬ್ಬದ ಪೂಜೆ ಸಗಣಿಯ ಬೆಲೆಯನ್ನು ಬಲ್ಲದು. ಅದರ ಋಣ ಯಾವ ನೆಲದ್ದೆಂಬುದನ್ನು ಗುರುತಿಸುವ ಹೊಣೆ ಚರಿತ್ರಕಾರರದು.